‘ಮೀನಿನಾಸೆಗೆ’ ಎಂದು ಬರೆದವನು ನಾನು

ಹತ್ತನೇ ಕ್ಲಾಸು ಮುಗಿಸಿ ನಾನು ಬಂದರ್‌ನ ಒಂದು ಸಂಜೆ ಪತ್ರಿಕೆಯ ಕಚೇರಿಗೆ ಸೇರಿದೆ. ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಸುದ್ದಿಗಳಿಗೆ ತಲೆಬರಹ ಕೊಡುವ ಕೆಲಸ ಸಿಕ್ಕಿತು. ಅದರಲ್ಲಿ ನನಗೆ ಹೆಸರೂ ಇತ್ತು.

ಸಂಜೆ ಪತ್ರಿಕೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅಚ್ಚಿಗೆ ಹೋಗಬೇಕು. ಠಾಣೆಯಿಂದ ಫೋನಿನಲ್ಲಿ ಬರುವ ಸುದ್ದಿಯಲ್ಲಿ ಯಾರು, ಎಲ್ಲಿ ಎಂಬುದು ಇರುತ್ತದೆ. ಯಾಕೆ ಎಂಬುದು ಇರುವುದಿಲ್ಲ. ಅದಕ್ಕೆ ನಮ್ಮ ಸಂಪಾದಕರು ಒಂದು ಮದ್ದು ಕಲಿಸಿದ್ದರು.

“ಕಾರಣ ಗೊತ್ತಿಲ್ಲದಿದ್ರೆ ‘ಆಸೆಗೆ’ ಅಂತ ಹಾಕಿ ಮಾರಾಯ್ರೆ. ಅದಕ್ಕೆಲ್ಲ ಯಾರೂ ಕೋರ್ಟಿಗೆ ಹೋಗುವುದಿಲ್ಲ.”

ನಿಜವಾಗಿಯೂ ಯಾರೂ ಹೋಗಲಿಲ್ಲ. ಚಿನ್ನದಾಸೆಗೆ ಕೊಲೆ, ಗಲ್ಫ್ ಕೆಲಸದಾಸೆಗೆ ಮೋಸಹೋದ ನರ್ಸ್. ಹೀಗೆ ವರ್ಷಗಟ್ಟಲೆ ಬರೆದೆ. ಗುಡ್ಡ ಅಗೆದು ಕಟ್ಟಡ ಎಬ್ಬಿಸುವವನಿಗೆ ಮಾತ್ರ ನಾವು ಆಸೆ ಎಂದು ಬರೆಯುತ್ತಿರಲಿಲ್ಲ, ಅವನದ್ದು ಕನಸು. ಚುನಾವಣೆಗೆ ನಿಲ್ಲಲು ಓಡಾಡುವವನು ಆಕಾಂಕ್ಷಿ. ಆಸೆ ಬಡವರಿಗೆ ಮೀಸಲು.

ಒಂದು ಮಳೆಗಾಲ, ಕಡಲಿಗೆ ಇಳಿಯಬಾರದೆಂದು ಎಚ್ಚರಿಕೆ ಇದ್ದ ದಿನ, ಉಳ್ಳಾಲದ ಮೀನುಗಾರನೊಬ್ಬ ನೀರುಪಾಲಾದ ಸುದ್ದಿ ಬಂತು. ‘ಮೀನಿನಾಸೆಗೆ ಕಡಲಿಗಿಳಿದ, ಹೆಣವಾಗಿ ಮರಳಿದ’ ಎಂದು ಬರೆದೆ. ಎರಡು ಸಾಲಿಗೆ ಸರಿಯಾಗಿ ಕೂತಿತು. “ಲಾಯ್ಕ್ ಉಂಟು” ಎಂದರು ಸಂಪಾದಕರು. ಆ ಮಧ್ಯಾಹ್ನ ಹೋಟೆಲಿನಲ್ಲಿ ಮೀನೂಟ ಮಾಡಿದೆ. ರುಚಿಯಾಗಿಯೇ ಇತ್ತು.

ಉತ್ತರಕ್ರಿಯೆ ಮುಗಿದ ಮೇಲೆ ಅವನ ಹೆಂಡತಿ ಪತ್ರಿಕೆ ಹಿಡಿದುಕೊಂಡು ಕಚೇರಿಗೆ ಬಂದಳು.

“ಇದು ಬರ್ದದ್ದು ಯಾರು?”

“ವರದಿಗಾರರು. ಅವರು ಹೊರಗೆ ಹೋಗಿದ್ದಾರೆ ಅಕ್ಕ” ಎಂದೆ ನಾನು.

“ಮೀನಿಗೆ ಹೋಗುವವ ಬಲೆ ಬಿಟ್ಟು ಹೋಗ್ತಾನಾ? ಬಲೆ ಮನೆಯಲ್ಲೇ ಉಂಟು, ಬಂದು ನೋಡಿ. ಅವರ ಅಣ್ಣನ ದೋಣಿಯ ಹಗ್ಗ ತುಂಡಾಗಿತ್ತು. ಅದನ್ನು ಹಿಡೀಲಿಕ್ಕೆ ಇಳಿದದ್ದು ಅವರು.”

“ನೋಡುವ.”

“ಎಂತ ನೋಡುವುದು? ತಪ್ಪಾಗಿದೆ ಅಂತ ಒಂದು ಗೆರೆ ಹಾಕಿ, ಸಾಕು. ಬಂದವರೆಲ್ಲ ಅತ್ತೆಯ ಹತ್ರ, ನಿಮ್ಮ ಮಗನಿಗೆ ಅಷ್ಟು ಆಸೆ ಯಾಕೆ ಬೇಕಿತ್ತು ಅಂತ ಕೇಳ್ತಾರೆ. ಅತ್ತೆ ಊಟ ಬಿಟ್ಟಿದ್ದಾರೆ.”

ಸಂಪಾದಕರಿಗೆ ಹೇಳಿದೆ. ಅವರು ನಕ್ಕರು. “ನಾಳೆ ಆ ಪೇಪರಿನಲ್ಲಿ ನೆಲಗಡಲೆ ಕಟ್ತಾರೆ. ತಿದ್ದಿದ್ರೆ ನಾವೇ ತಪ್ಪು ಒಪ್ಪಿಕೊಂಡ ಹಾಗೆ.” ನಾನು ತಲೆಯಾಡಿಸಿದೆ. ಬರೆದದ್ದು ನಾನೇ, ತಿದ್ದಲೇಬೇಕು ಎಂದು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನನ್ನ ಹೆಸರು ಕೆಡುತ್ತಿತ್ತಲ್ಲ!

ಅದರಲ್ಲಿ ಯಾರೂ ನೆಲಗಡಲೆ ಕಟ್ಟಲಿಲ್ಲ. ಮುಂದಿನ ಮಳೆಗಾಲ ಕಡಲ ದಡದಲ್ಲಿ ಯಾರೋ ಎಚ್ಚರಿಕೆಯ ಬ್ಯಾನರ್ ಕಟ್ಟಿದರು. ಅದರ ನಡುವೆ ನನ್ನ ತಲೆಬರಹವನ್ನೇ ದೊಡ್ಡದಾಗಿ ಅಚ್ಚು ಹಾಕಿದ್ದರು, ಕೆಳಗೆ ‘ಆಸೆ ಬೇಡ, ಜೀವ ಬೇಕು’ ಎಂದು. ಆ ಮನೆಯವರು ದಿನಾ ನಡೆಯುವ ದಾರಿ ಅದು.

ನಿವೃತ್ತನಾದ ಮೇಲೆ ಬಿಕರ್ನಕಟ್ಟೆಯ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದೆ. ಪಾದ್ರಿಯವರು ಕೆಲವು ಪ್ರಾರ್ಥನೆ ಹೇಳಲು ತಿಳಿಸಿದರು. ಹೇಳಿ ಹೊರಗೆ ಬಂದಾಗ ನಾನು ಇಳಿದ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಕ್ಷಮೆ ಇಷ್ಟು ಅಗ್ಗವೇ ಎನಿಸಿತು.

ಈ ವರ್ಷ ಉಳ್ಳಾಲಕ್ಕೆ ಹೋದೆ. ಅವಳು ರಸ್ತೆ ಬದಿಯಲ್ಲಿ ಮೀನು ಮಾರುತ್ತಿದ್ದಳು. ಬರೆದವನು ನಾನೇ ಎಂದೆ. ಅವಳು ಗಿರಾಕಿಯ ಬೂತಾಯಿ ಮೀನನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಚಿಲ್ಲರೆ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು.

“ಅತ್ತೆ ಹೋದ್ರು. ಅವರಿರುವಾಗ ಬರ್ಬೇಕಿತ್ತು ನೀವು.”

“ಈಗಲಾದರೂ ಬರೆಯುತ್ತೇನೆ ಅಕ್ಕ. ನಿಮ್ಮ ಗಂಡನ ಹೆಸರು ಹಾಕಿ, ಸರಿಯಾಗಿ.”

“ಹೆಸರು ಹಾಕ್ಬೇಡಿ ಮಾರಾಯ್ರೆ. ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ಜನ ಈಗ ಸ್ವಲ್ಪ ಮರ್ತಿದ್ದಾರೆ, ನೀವು ಪುನಃ ನೆನಪು ಮಾಡ್ಬೇಡಿ. ಬಿಸಿಲಿಗೆ ನಿಲ್ಬೇಡಿ, ಹೋಗಿ.”

ಅಂದು ಹೆಸರು, ವಯಸ್ಸು, ಮನೆಯ ದಾರಿ ಸಮೇತ ಅಚ್ಚು ಹಾಕಿದ್ದೆವು. ಇಂದು ಹೆಸರಿಲ್ಲದೆ ಬರೆಯುತ್ತಿದ್ದೇನೆ: ಉಳ್ಳಾಲದ ಒಬ್ಬ ಮನುಷ್ಯ ಅಣ್ಣನ ದೋಣಿ ಉಳಿಸಲು ಹೋಗಿ ಸತ್ತ. ಅವನು ಯಾರೆಂದು ಓದಿದವರಿಗೆ ತಿಳಿಯುವುದಿಲ್ಲ.