ನಲವತ್ತೈದರ ವೇಗದಲ್ಲಿ ಎರಿಬೆರ್ತೊ

ಲೆಯ್ದಾಳಿಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಒಬ್ರೆರೊ ಬಡಾವಣೆಯವರು ಹೇಳುವುದು ಸುಳ್ಳು. ಅದು ಅವಳ ಇಡೀ ಮೈಯಲ್ಲಿದೆ. ಮೂವತ್ತೆಂಟು ವರ್ಷ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಹೊಲಿದವಳು ಆಕೆ. ಮೇಸ್ತ್ರಿಗೆ ಮುಖಕ್ಕೆ ಹೊಡೆದಂತೆ ಮಾತಾಡಿ ಮೂರು ಸಲ ಕೆಲಸ ಕಳೆದುಕೊಂಡಿದ್ದಳು. ಅವಳಷ್ಟು ನೇರವಾಗಿ ಹೊಲಿಗೆ ಹಾಕುವವರು ಸಿಗದೆ ಮೂರು ಸಲವೂ ಆ ಮೇಸ್ತ್ರಿಯೇ ಮನೆ ಬಾಗಿಲಿಗೆ ಬಂದು ಕರೆದುಕೊಂಡು ಹೋಗಿದ್ದ. ಈಗ ಅರವತ್ತೇಳು. ಕಣ್ಣು ಸ್ವಲ್ಪ ಮಂಜು, ನಾಲಗೆ ಮಾತ್ರ ಹಾಗೇ ಇದೆ.

ಅವಳ ಗಂಡ ಎರಿಬೆರ್ತೊ ತರಕಾರಿ ಮಂಡಿಯಲ್ಲಿ ಲಾರಿ ಓಡಿಸುತ್ತಿದ್ದ. ಗ್ರಾಮಫೋನಿನಲ್ಲಿ ಹಾಡಿನ ತಟ್ಟೆ ತಿರುಗುತ್ತಿದ್ದರೆ ಜೊತೆಗೆ ಕಬ್ಬಿಣದ ಗಂಟೆಯನ್ನು ಕೋಲಿನಿಂದ ಬಾರಿಸುತ್ತಿದ್ದ. ಕಾಲಿ ಎಂಬ ಈ ಊರಿನಲ್ಲಿ ಹಾಡು ಕೇಳುವುದೆಂದರೆ ಕೈಕಟ್ಟಿ ಕೂರುವುದಲ್ಲ. ಗಂಟೆ ಇದ್ದವರು ಗಂಟೆ ತರುತ್ತಾರೆ, ಇಲ್ಲದವರು ಬಾಟಲಿಗೆ ಚಮಚ ಕುಟ್ಟುತ್ತಾರೆ. ಎರಿಬೆರ್ತೊನ ಗಂಟೆಯಷ್ಟು ಕರಾರುವಾಕ್ಕಾದ ಗಂಟೆ ಆ ಬೀದಿಗಳಲ್ಲಿ ಇರಲಿಲ್ಲ. ಆದರೆ ಅವನು ಕುಡಿಯುತ್ತಿದ್ದ. ಚರಂಡಿಯ ಪಕ್ಕ ಬಿದ್ದಿದ್ದವನನ್ನು ಲೆಯ್ದಾ ಹೆಗಲು ಕೊಟ್ಟು ಎಬ್ಬಿಸಿಕೊಂಡು ಬಂದದ್ದನ್ನು ಊರೆಲ್ಲ ನೋಡಿತ್ತು. ಆಮೇಲೊಂದು ದಿನ ಅವನು ಕುಡಿತ ಬಿಟ್ಟ. ಪಾದ್ರಿ ಹೇಳಿದ್ದಕ್ಕಲ್ಲ, ವೈದ್ಯರು ಹೆದರಿಸಿದ್ದಕ್ಕಲ್ಲ. ಯಾಕೆ ಬಿಟ್ಟನೆಂದು ಲೆಯ್ದಾಳಿಗೂ ಹೇಳಲಿಲ್ಲ. ಸಾಯುವವರೆಗೆ ಹನ್ನೊಂದು ವರ್ಷ ಒಂದು ಹನಿ ಮುಟ್ಟಲಿಲ್ಲ. ಊರಿನ ನೆನಪು ಮಾತ್ರ ಆ ಚರಂಡಿಯ ಪಕ್ಕದಲ್ಲೇ ಕೂತುಬಿಟ್ಟಿತು. ಇವತ್ತಿಗೂ ಅವನ ಹೆಸರೆತ್ತಿದರೆ ಯಾರಾದರೊಬ್ಬರು ಹೆಬ್ಬೆರಳನ್ನು ಬಾಯಿಯತ್ತ ಬಾಗಿಸಿ ನಗುತ್ತಾರೆ. ಲೆಯ್ದಾಳ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಕುಡಿತ ಬಿಟ್ಟು ವರ್ಷ ತುಂಬಿದ ದಿನ ಅವರಿಬ್ಬರೂ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಾಡು ಹಾಕಿದ್ದರು. ನಿಮಿಷಕ್ಕೆ ಮೂವತ್ಮೂರು ಸುತ್ತಿನ ತಟ್ಟೆಯನ್ನು, ಹಾಡು ಚುರುಕಾಗಲೆಂದು, ನಲವತ್ತೈದಕ್ಕೆ ತಿರುಗಿಸಿದ್ದರು. ಈ ಊರಿನ ಕಾಲುಗಳು ಹಿಂದಿನಿಂದಲೂ ಹಾಗೇ ಕುಣಿದದ್ದು. ಹೊರಗಿನಿಂದ ಬಂದ ಹಾಡು ಎಷ್ಟು ನಿಧಾನವಾಗಿದ್ದರೇನು, ತಿರುಗಿಸುವ ಕೈ ನಮ್ಮದು ತಾನೆ. ಎರಿಬೆರ್ತೊ ಹಾಡಿನುದ್ದಕ್ಕೂ ಗಂಟೆ ಬಾರಿಸಿದ, ನಡುನಡುವೆ ಕೂಗಿದ. ಲೆಯ್ದಾ ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಕೊಂಡಳು. ಕೆಲಸದಿಂದ ನಿವೃತ್ತಳಾದ ಮೇಲೆ ಕಂಪ್ಯೂಟರ್ ಕಲಿತು ತಾನೇ ಅದನ್ನು ಫೈಲು ಮಾಡಿಟ್ಟಳು.

ಬಡಾವಣೆಯಲ್ಲಿ ‘ಸೂಜಿಯ ಗೆಳೆಯರು’ ಎಂದೊಂದು ಕೂಟವಿದೆ. ಹಾಡಿನ ತಟ್ಟೆ ಕೂಡಿಡುವವರ ಕೂಟ. ವರ್ಷಕ್ಕೊಂದು ಭಾನುವಾರ ಮಧ್ಯಾಹ್ನ ಇವರು ಸಮುದಾಯ ಭವನದಲ್ಲಿ ದೊಡ್ಡ ಕೇಳುಗೋಷ್ಠಿ ನಡೆಸುತ್ತಾರೆ. ಹಳೆಯ ತಟ್ಟೆಗಳು ಸವೆದುಹೋದವೆಂದು ಈ ಸಲ ಎಲ್ಲವನ್ನೂ ಕಂಪ್ಯೂಟರಿನಿಂದಲೇ ನುಡಿಸುವುದು ಎಂದಾಯಿತು. ಹಾಗಾದರೆ ಯಾವ ಪ್ಲೇಯರ್ ಸಾಫ್ಟ್‌ವೇರ್? ಅಷ್ಟಕ್ಕೆ ಮೂರು ತಿಂಗಳು ಜಗಳವಾಯಿತು. ಅಧ್ಯಕ್ಷರು ಹಲ್ಲಿನ ಡಾಕ್ಟರು ಉಬೈಮಾರ್. ತಮ್ಮ ಆಸ್ಪತ್ರೆಯ ಕುರ್ಚಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಕಣ್ಣಿಗೆ ಟವೆಲು ಕಟ್ಟಿ, ಒಂದೇ ಹಾಡನ್ನು ನಾಲ್ಕು ಪ್ಲೇಯರುಗಳಲ್ಲಿ ಕೇಳಿಸಿದರು.

“ಹೇಗಿದೆ ಆರ್ಸೆಸಿಯೊ?”

“ಎರಡನೇದು ಭಾರೀ ಸ್ವಚ್ಛ ಡಾಕ್ಟ್ರೇ,” ಎಂದ ಹಳೆಯ ಬಸ್ ಡ್ರೈವರ್ ಆರ್ಸೆಸಿಯೊ.

“ಎರಡನೇದು ಇನ್ನೂ ಹಾಕೇ ಇಲ್ಲ.”

ತನ್ನ ಸರದಿಗೆ ಕಾಯುತ್ತಿದ್ದ ಲೆಯ್ದಾ ನಕ್ಕಳು. “ನಿಂಗೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತೇನೋ?”

“ಸುಮ್ನಿರೇ ಮಾರಾಯ್ತಿ,” ಎಂದು ಆರ್ಸೆಸಿಯೊ ಟವೆಲಿನ ಕೆಳಗಿಂದಲೇ ಪಿಸುಗುಟ್ಟಿದ. “ಗೊತ್ತಾಗಲ್ಲ ಅಂದ್ರೆ ಕೂತಿರೋ ಕುರ್ಚೀಲೇ ಹಲ್ಲು ಕಿತ್ಬಿಡ್ತಾರೆ.”

ಒಂದು ಪ್ಲೇಯರು ಹಾಡಿನಿಂದ ಹಾಡಿಗೆ ಸದ್ದನ್ನು ತಾನೇ ಏರಿಸಿ ಇಳಿಸುತ್ತಿತ್ತು, ಬೇಡವೆಂದರು. ಇನ್ನೊಂದು ಕೇಳದೆಯೇ ತಗ್ಗಿನ ಸ್ವರಗಳನ್ನು ಉಬ್ಬಿಸುತ್ತಿತ್ತು, ಅದೂ ಬೇಡ. ಮೂರನೆಯದರ ಪರದೆಯಲ್ಲಿ ಬಣ್ಣಗಳು ಕುಣಿಯುತ್ತಿದ್ದವು, ಅದನ್ನು ನೋಡಿದ್ದೇ ಡಾಕ್ಟರು ಮುಖ ಸಿಂಡರಿಸಿದರು. ನಾಲ್ಕನೆಯದಕ್ಕೆ ಅಲಂಕಾರವಿಲ್ಲ, ಏನೂ ಇಲ್ಲ. ಫೈಲಿನಲ್ಲಿ ಏನಿದೆಯೋ ಅದನ್ನಷ್ಟೇ ಸ್ಪೀಕರಿಗೆ ದಾಟಿಸುತ್ತದೆ.

“ಒಳ್ಳೇ ಪ್ಲೇಯರ್ ಅಂದ್ರೆ ಇದೇ,” ಎಂದರು ಡಾಕ್ಟರು. “ಇದು ಏನನ್ನೂ ಮುಟ್ಟಲ್ಲ. ಇದ್ದದ್ದನ್ನ ಇದ್ದ ಹಾಗೇ ಕೊಡುತ್ತೆ.”

ಆ ಮಾತು ಲೆಯ್ದಾಳಿಗೆ ಹಿಡಿಸಿತು. ವರ್ಷಗಟ್ಟಲೆ ಯಾರಿಗೂ ಕೊಡದ ಫೈಲನ್ನು ಪೆನ್‌ಡ್ರೈವಿನಿಂದ ಡಾಕ್ಟರ ಕಂಪ್ಯೂಟರಿಗೆ ಹಾಕಿಕೊಟ್ಟಳು. ಎರಿಬೆರ್ತೊ ಹೇಗೆ ಬಾರಿಸುತ್ತಿದ್ದ, ಎಚ್ಚರವಿದ್ದ ಎರಿಬೆರ್ತೊ ಹೇಗಿದ್ದ ಎಂದು ಊರು ಒಂದು ಸಲ ಕೇಳಲಿ.

“ಇದನ್ನೂ ಮುಟ್ಟಲ್ಲ ತಾನೆ ಡಾಕ್ಟ್ರೇ?”

“ಕೂದಲೆಳೆಯಷ್ಟೂ ಇಲ್ಲ, ದೋನ್ಯ ಲೆಯ್ದಾ,” ಎಂದರು ಡಾಕ್ಟರು, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲಿ.

ಭಾನುವಾರ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾಂದೆಬೊನೊ ರೊಟ್ಟಿಯ ಬುಟ್ಟಿಗಳು ಖಾಲಿಯಾಗಿದ್ದವು. ಮುಂದಿನ ಸಾಲಿನಲ್ಲಿ ಲೆಯ್ದಾ ಕೆಂಪು ಉಡುಪು ಹಾಕಿ ಕೂತಿದ್ದಳು. ಡಾಕ್ಟರು ಮೈಕಿನಲ್ಲಿ ಎರಿಬೆರ್ತೊನ ಹೆಸರು ಹೇಳಿದರು. ಹಾಡು ಶುರುವಾಯಿತು.

ಮೊದಲ ಹೊಡೆತಕ್ಕೇ ಅವಳು ಕುರ್ಚಿಯ ತುದಿಗೆ ಸರಿದಳು. ಹಾಡು ಕಾಲೆಳೆಯುತ್ತಿತ್ತು. ಗಂಟೆ ಗಂಟೆಯಂತಿರಲಿಲ್ಲ, ಒಡಕು ಪಾತ್ರೆಯನ್ನು ಕುಟ್ಟಿದಂತಿತ್ತು. ಆಮೇಲೆ ಅವನ ಕೂಗು ಬಂತು. ದಪ್ಪಗೆ, ತೊದಲುತ್ತಾ, ಎಳೆದೆಳೆದು: “ನೀ...ರೂ... ಕೊ...ಡೇ...”

“ಯಾವ ನೀರೋ ಎರಿಬೆರ್ತೊ? ಬೆಂಕಿ ನೀರಾ?” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಇಡೀ ಭವನ ನಕ್ಕಿತು. ಆರ್ಸೆಸಿಯೊ ಕೂಡ ನಕ್ಕ. ಹೆಬ್ಬೆರಳುಗಳು ಬಾಯಿಯತ್ತ ಬಾಗಿದವು.

ಲೆಯ್ದಾ ಎದ್ದು ನೇರವಾಗಿ ವೇದಿಕೆ ಹತ್ತಿದಳು. “ನಿಲ್ಸ್ರೀ ಅದನ್ನ!”

ಡಾಕ್ಟರು ನಿಲ್ಲಿಸಿದರು. ಪಾಪ, ಅವರಿಗೆ ನಿಜವಾಗಿಯೂ ಏನೂ ತಿಳಿದಿರಲಿಲ್ಲ.

“ಏನ್ ಮಾಡಿದ್ರಿ ಅವನಿಗೆ?”

“ಅದೂ... ನಿಮ್ಮ ಫೈಲು ತಪ್ಪು ವೇಗದಲ್ಲಿತ್ತು ದೋನ್ಯ ಲೆಯ್ದಾ. ಅದು ಮೂವತ್ಮೂರರ ತಟ್ಟೆ. ಫೈಲನ್ನೇ ಮೂವತ್ಮೂರಕ್ಕೆ ಇಳಿಸಿ ಸರಿ ಮಾಡಿ ಹಾಕಿದೆ. ಈಗ ಹಾಡು ಅದನ್ನ ಮಾಡಿದೋರು ಹೇಗೆ ಮಾಡಿದ್ರೋ ಹಾಗೇ ಇದೆ.”

“ಹಾಡು ಮಾಡಿದೋರು ಯಾರೋ ನಂಗೊತ್ತಿಲ್ಲ. ಗಂಟೆ ಬಾರಿಸಿದೋನು ನನ್ ಗಂಡ! ಅವನನ್ನ ಯಾವ ತಟ್ಟೆ ಮೇಲೂ ಕೂರಿಸಿ ತಿರುಗಿಸಿರ್ಲಿಲ್ಲ. ನನ್ನ ಕೋಣೇಲಿ, ನನ್ನ ಕಣ್ಣೆದುರು ನಿಂತು ಬಾರಿಸಿದ. ಹಾಡನ್ನ ನಿಧಾನ ಮಾಡಿದ್ರಿ, ಜೊತೆಗೆ ಅವನನ್ನೂ ಎಳೆದು ಚರಂಡಿಗೆ ಹಾಕಿದ್ರಲ್ರೀ!”

ಡಾಕ್ಟರ ಮುಖ ಬಿಳಿಚಿಕೊಂಡಿತು. ಆಗ ಹೊಳೆಯಿತು ಅವರಿಗೆ. ಮೂರು ತಿಂಗಳು ಏನನ್ನೂ ಮುಟ್ಟದ ಸಾಫ್ಟ್‌ವೇರ್ ಹುಡುಕಿದ ಮನುಷ್ಯ ತಾವೇ ಕೈ ಹಾಕಿ ಕೂತಿದ್ದರು!

“ಕ್ಷಮಿಸಿ,” ಎಂದರು.

“ನನ್ನ ಕೋಪ ಏನೂ ಅಲ್ಲ. ಅವನೇ ಇಲ್ಲಿದ್ದಿದ್ರೆ ಇಷ್ಟೊತ್ತಿಗೆ ನಿಮ್ಮ ಹಲ್ಲು ನೀವೇ ಕಟ್ಕೋಬೇಕಾಗಿತ್ತು. ಮೈಕ್ ತಗೊಳ್ಳಿ. ಇವ್ರಿಗೆಲ್ಲ ಹೇಳಿ.”

ಡಾಕ್ಟರು ಮೈಕ್ ಎತ್ತಿಕೊಂಡರು. “ಬಂಧುಗಳೇ, ಒಂದು ಸಣ್ಣ ತಾಂತ್ರಿಕ ದೋಷದಿಂದಾಗಿ...”

“ದೋಷ ಅಲ್ಲ!” ಲೆಯ್ದಾಳ ದನಿ ಮೈಕಿಲ್ಲದೆಯೇ ಕೊನೆಯ ಸಾಲಿಗೆ ಮುಟ್ಟಿತು. “ಹೀಗ್ ಹೇಳಿ: ಹನ್ನೊಂದು ವರ್ಷ ಹನಿ ಮುಟ್ಟದ ಮನುಷ್ಯನಿಗೆ ನಾನು ಕುಡಿಸ್ದೆ ಅಂತ.”

ಡಾಕ್ಟರು ಅವಳನ್ನು ನೋಡಿದರು, ಜನರನ್ನು ನೋಡಿದರು. ಆಮೇಲೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು. ಅವಳು ಹೇಳಿದಂತೆಯೇ, ಒಂದು ಪದವನ್ನೂ ಬಿಡದೆ ಹೇಳಿದರು.

ಲೆಯ್ದಾ ಮೂಲ ಫೈಲಿದ್ದ ತನ್ನ ಪೆನ್‌ಡ್ರೈವನ್ನು ತಾನೇ ಕಂಪ್ಯೂಟರಿಗೆ ಚುಚ್ಚಿದಳು. ಆ ಪ್ಲೇಯರಿನ ಬಗ್ಗೆ ಡಾಕ್ಟರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಏನನ್ನೂ ಮುಟ್ಟಲಿಲ್ಲ. ಹಾಡು ಹಾರಿ ಬಂತು. ಗಂಟೆ ಅವಳ ಹೊಲಿಗೆಯಷ್ಟೇ ನೇರವಾಗಿ ಬಿತ್ತು. ನಡುವೆ ಚುರುಕಾದ, ನಗುವ, ಪೂರ್ತಿ ಎಚ್ಚರವಿದ್ದ ಗಂಡಸಿನ ಕೂಗು: “ನೀರು ಕೊಡೇ ಲೆಯ್ದಾ! ಬರೀ ನೀರು!”

ಅಭ್ಯಾಸಬಲದಿಂದ ಯಾರದೋ ಕಾಲು ತಾಳ ಹಾಕಿ ಅಲ್ಲೇ ನಿಂತಿತು. ಆರ್ಸೆಸಿಯೊ ತಲೆ ತಗ್ಗಿಸಿದ. ಡಾಕ್ಟರು ಅವಳಿಗೆ ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ. ವೇದಿಕೆಯ ಮೇಲೆ ಕೈಕಟ್ಟಿ ನಿಂತು, ಹಾಡು ಮುಗಿಯುವವರೆಗೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದೇ ಮುಖ ನೋಡುತ್ತಾ ಹೋದಳು, ಈಗ ಯಾರು ನಗುತ್ತಾರೆ ಎಂದು.