ಎಡವೋ ಬಲವೋ ಎನ್ನುತ್ತಿದ್ದ ನರ್ಸಮ್ಮ

ನರ್ಸಮ್ಮ ನನ್ನನ್ನು ಕಂಡಾಗಲೆಲ್ಲ ಎರಡು ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಮುಂದೆ ಹಿಡಿಯುತ್ತಿದ್ದರು. ಒಂದು ಏರುತ್ತಿತ್ತು, ಒಂದು ಇಳಿಯುತ್ತಿತ್ತು. "ಈ ತಿಂಗ್ಳು ಎಡವೋ ಬಲವೋ?"

ಜಯಮ್ಮ ಅವರ ಹೆಸರು. ಊರೂರು ತಿರುಗಿ ಹೆರಿಗೆ ಮಾಡಿಸಿ ನಿವೃತ್ತರಾಗಿ, ತೊಣ್ಣೂರಿನಲ್ಲಿ ಎರಡು ಹಸು ಕಟ್ಟಿಕೊಂಡಿದ್ದರು. ಬೆಳಿಗ್ಗೆ ಡೈರಿಗೆ ಬರುವಾಗ ಕೆರೆಯ ಮಂಜು ಅವರ ಬಿಳಿ ಸೀರೆಯೊಳಗೇ ಸೇರಿಕೊಂಡು, ಮುಖವೂ ಹಾಲಿನ ಕ್ಯಾನೂ ಮಾತ್ರ ತೇಲಿ ಬಂದಂತೆ ಕಾಣುತ್ತಿತ್ತು.

ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಗುವಾಗಿರಲಿಲ್ಲ. ತಿಂಗಳ ನಡುವೆ ಕಿಬ್ಬೊಟ್ಟೆಯ ಒಂದು ಮಗ್ಗುಲಲ್ಲಿ, ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ, ನೋವು ಬರುತ್ತಿತ್ತು; ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಗರ್ಭಕೋಶವೇ ಕೆಟ್ಟಿದೆ ಎಂದುಕೊಂಡಿದ್ದೆ. ಆ ಭಯವನ್ನು ಗಂಡನಿಗೂ ಹೇಳಿರಲಿಲ್ಲ. ಅತ್ತೆ ಒಳ್ಳೆಯವರು. ನೋವಿರುವ ಸೊಸೆ ತವರಿನಲ್ಲಿ ಸುಧಾರಿಸಿಕೊಳ್ಳಲಿ ಎಂದು ಹೊಣಕೆರೆಗೆ ಬಸ್ಸು ಹತ್ತಿಸುತ್ತಿದ್ದರು. ಬರಬರುತ್ತ ಕ್ಯಾಲೆಂಡರಿನಲ್ಲಿ ದಿನ ಎಣಿಸಿ, ನೋವಿಗೆ ನಾಲ್ಕೈದು ದಿನ ಮೊದಲೇ ಕಳಿಸತೊಡಗಿದರು.

ಡೈರಿಯಲ್ಲಿ ಅತ್ತೆಯ ಬಾಯಿಂದಲೇ ಇದನ್ನು ಕೇಳಿದ ನರ್ಸಮ್ಮ ಕ್ಯಾನಿನ ಸಮೇತ ನಮ್ಮ ಜಗಲಿಗೆ ಬಂದು ಕೂತರು.

"ಅಲ್ಲ ಕಣಕ್ಕ, ಹಸ ಬೆದೆಗ್ ಬಂದಾಗ ನೆಂಟ್ರ ಮನೆಗ್ ಅಟ್ಟೀಯಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಥೂ, ಸೊಸೆ ಮುಂದೆ ಎಂತಾ ಮಾತವ್ವ."

"ಸೊಸೆಗೇ ಕಣಕ್ಕ ನಾನ್ ಯೋಳ್ತಿರೋದು." ನನ್ನತ್ತ ತಿರುಗಿದರು. "ಇದು ರೋಗ ಅಲ್ಲ ಮಗ, ಅಂಡ ಬಿಡೋ ನೋವು ಇದ್ದಂಗದೆ. ಅಂಡ ಬದುಕೋದು ಒಂದೇ ದಿನ. ಅದ್ಕೆ ಮುಂಚಿನ ನಾಕೈದು ದಿನವೇ ಮುಖ್ಯ. ಆವಾಗೆಲ್ಲ ನೀನು ವೊಣಕೆರೇಲಿ, ಅವ್ನು ಇಲ್ಲಿ. ಇನ್ನೆಂಗಾದಾತು?"

ಮತ್ತೆ ಹೇಳಿದರು: "ನೋವು ಬಂದ್ರೆ ಮಗು ಆಗೇ ಆಗ್ತದೆ ಅಂತಲ್ಲ. ಬರ್ದಿದ್ರೆ ಆಗಕಿಲ್ಲ ಅಂತಲೂ ಅಲ್ಲ. ಎಲ್ಡ್ ದಿನ ಮೀರುದ್ರೆ, ಜ್ವರ ಬಂದ್ರೆ ಸುಮ್ನಿರಬ್ಯಾಡ. ನಾಕ್ ವರ್ಸ ಆಯ್ತಲ್ಲ, ಇಬ್ರೂ ವೋಗಿ ಡಾಕ್ಟ್ರಿಗೆ ತೋರಿಸ್ಕಳಿ."

ಪಾಂಡವಪುರಕ್ಕೆ ಹೋದೆವು. ಡಾಕ್ಟರು ಇಬ್ಬರಲ್ಲೂ ದೋಷವಿಲ್ಲ ಎಂದರು. ಹೊಣಕೆರೆಯ ಬಸ್ಸು ನಿಂತಿತು. ಏಳು ತಿಂಗಳು ನಾನು ಎಡ ಎಂದೆ, ಬಲ ಎಂದೆ. ದೂರದ ನೆಂಟರ ಕ್ಷೇಮ ಕೇಳಿದವರಂತೆ ಅವರು ತಲೆಯಾಡಿಸುತ್ತಿದ್ದರು. ನೋವು ಬಂದಾಗ ಈಗ ಹೆದರಿಕೆಯಾಗುತ್ತಿರಲಿಲ್ಲ. ಒಳಗೆಲ್ಲೋ ಕೆರೆಯ ತೂಬು ತೆರೆದಂತೆ ಅನ್ನಿಸುತ್ತಿತ್ತು.

ಎಂಟನೆಯ ತಿಂಗಳು ಅವರಿಗೆ ಲಕ್ವ ಹೊಡೆಯಿತು. ಮಾತು ಹೋಯಿತು. ನೋಡಲು ಹೋದಾಗ ಕಿಟಕಿಯ ಬೆಳಕಿನಲ್ಲಿ ಮಲಗಿದ್ದರು. ನನ್ನನ್ನು ಕಂಡು ಎಡಗೈಯನ್ನು ಮೇಲೆತ್ತಿದರು. ಬಲಗೈ ಏಳಲಿಲ್ಲ. ಒಂದೇ ತಟ್ಟೆ, ನಡುಗುತ್ತಿತ್ತು. ನನಗೆ ಅರ್ಥವಾಯಿತು.

"ಯಾವ ಕಡೀಕೂ ಇಲ್ಲ ನರ್ಸಮ್ಮ," ಎಂದೆ. "ಮುಟ್ಟಾಗಿ ಐವತ್ ದಿನ ಆಯ್ತು. ನೆನ್ನೆ ಡಾಕ್ಟ್ರು ನೋಡಿ ಯೋಳುದ್ರು."

ಅದಾಗಿ ಮೂರನೆಯ ದಿನ ಅವರು ತೀರಿಕೊಂಡರು; ನಾನು ಅವರನ್ನು ಕಂಡದ್ದು ಅದೇ ಕೊನೆ. ಅವತ್ತು ನನ್ನ ಮಾತು ಕೇಳಿದ ಮೇಲೆ ಆ ಅಂಗೈ ಗಾಳಿಯಲ್ಲಿ ಮೆಲ್ಲಗೆ ನನ್ನತ್ತ ಬಂತು. ಎಡಕ್ಕೆ ಹೋಗಲಿಲ್ಲ, ಬಲಕ್ಕೆ ಹೋಗಲಿಲ್ಲ. ನನ್ನ ಹೊಟ್ಟೆಯ ನಟ್ಟನಡುವೆ ಕೂತು, ನಡುಗುವುದನ್ನು ನಿಲ್ಲಿಸಿತು.