ಹೊತ್ತು ತಡವಾಗಿ ಮುಳುಗುವ ಊರು

ಸೂಜಿಗೆ ದಾರ ಪೋಣಿಸುವುದು ನಮ್ಮಕ್ಕನಿಗೆ ಇಂದಿಗೂ ಕಷ್ಟದ ಕೆಲಸವಲ್ಲ. ಕನ್ನಡಕ ಏರಿಸಿ, ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ಇಳಿಸಿಬಿಡುತ್ತಾಳೆ. ಆಮೇಲೆ ಮೊಣಕೈಯ ಪಕ್ಕದಲ್ಲೇ ಬಿದ್ದಿರುವ ಕತ್ತರಿಗಾಗಿ ಮೇಜನ್ನೆಲ್ಲ ತಡವರಿಸುತ್ತಾಳೆ. ಇದನ್ನು ನಾನು ವರ್ಷಗಟ್ಟಲೆ ನೋಡಿದ್ದೆ, ಮತ್ತು ವಯಸ್ಸಾದವರ ಮರೆವು ಎಂದು ನಕ್ಕಿದ್ದೆ. ಹುಬ್ಬಳ್ಳಿಯ ಕಣ್ಣಿನ ವೈದ್ಯರು ಅದಕ್ಕೆ ಬೇರೆಯದೇ ಅರ್ಥ ಹೇಳಿದರು. ಅಕ್ಕನ ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಿದೆಯಂತೆ. ಎದುರಿನದು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಕೊಳವೆಯೊಳಗಿಂದ ಇಣುಕಿದ ಹಾಗೆ. ಆ ಕೊಳವೆ ಇನ್ನೂ ಸಣ್ಣದಾಗುತ್ತ ಹೋಗುತ್ತದೆ, ಎಷ್ಟು ಬೇಗ ಎಂದು ಹೇಳಲಾಗದು, ಇದಕ್ಕೆ ಮದ್ದಿಲ್ಲ.

ಅಕ್ಕನ ವಿಚಾರ ಸ್ವಲ್ಪ ಹೇಳಬೇಕು. ನಾವಿಬ್ಬರೂ ಮಾಸೂರಿನವರು. ಮದಗದ ಕೆರೆಯ ನೀರುಂಡ ಗದ್ದೆಗಳಲ್ಲಿ ಅಪ್ಪ ಅವ್ವ ಇಬ್ಬರೂ ದುಡಿಯುತ್ತಿದ್ದರು. ಅಕ್ಕನ ಏಳನೆಯ ಇಯತ್ತೆ ಮುಗಿದಾಗ, ನಮ್ಮಿಬ್ಬರಲ್ಲಿ ಒಬ್ಬರು ಮನೆ ನೋಡಿಕೊಳ್ಳಬೇಕೆಂಬ ಮಾತು ಬಂದಿತು. ಅಕ್ಕ ಪಾಟೀಚೀಲವನ್ನು ತೊಳೆದು ಒಣಗಿಸಿ ನನಗೆ ಕೊಟ್ಟಳು. ಮುಂದೆ ಅವಳು ಹೊಲಿಗೆ ಕಲಿತು ಶಿಗ್ಗಾವಿಯಲ್ಲಿ ಒಂದು ಕೋಣೆ ಹಿಡಿದು, ಮದುವೆಯ ಗೊಡವೆಗೆ ಹೋಗದೆ, ನಲವತ್ತು ವರ್ಷ ಕುಪ್ಪಸ ಹೊಲಿದಳು. ನಾನು ಓದಿ, ಹಾನಗಲ್ಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ವಾರಕ್ಕೆರಡು ಸಲ ಅಕ್ಕನ ಅಂಗಡಿಗೆ ಹೋಗಿ, ಗುಂಡಿ ಹಚ್ಚುತ್ತ ಕೂಡುವುದು ನನ್ನ ರೂಢಿಯಾಯಿತು.

ವೈದ್ಯರನ್ನು ಕಂಡು ಬಂದ ಮರುದಿನ ಹಾಗೆ ಕೂತಿದ್ದಾಗಲೇ ಅಕ್ಕ ಯಂತ್ರ ತುಳಿಯುವುದನ್ನು ನಿಲ್ಲಿಸದೆ ಅಂದಳು, “ಕಣ್ಣ ಇರೂತನಕ ಒಮ್ಮೆ ಹಿಮಾ ನೋಡಬೇಕಾಗೇತಿ.”

ಹಿಮ ನೋಡಲು ಹಿಮಾಲಯ ಸಾಕಿತ್ತು. ರೈಲಿನಲ್ಲಿ ಕೂತರೆ ಮೂರು ದಿನದ ದಾರಿ. ಯುರೋಪು ಎಂದವಳು ನಾನು. ನಿವೃತ್ತಿಯ ಹಣ ಬ್ಯಾಂಕಿನಲ್ಲಿ ಸುಮ್ಮನಿದೆ, ಅಕ್ಕನ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಓದುಗ ಮಿತ್ರರೇ, ಉಪಕಾರ ಮಾಡಹೊರಟವರ ಕೈಚೀಲವನ್ನು ಒಮ್ಮೆ ಬಿಚ್ಚಿ ನೋಡಬೇಕು. ಮೇಲೆ ಇನ್ನೊಬ್ಬರಿಗಾಗಿ ತೆಗೆದುಕೊಂಡ ಹಣ್ಣು, ತಳದಲ್ಲಿ ತನಗೆಂದೇ ಕಟ್ಟಿಸಿಕೊಂಡ ಮಿಠಾಯಿ.

ನನ್ನ ಮಿಠಾಯಿ ಯಾವುದೆಂದರೆ, ನದಿಗಳು. ಮೂವತ್ತು ವರ್ಷ ಕರಿಹಲಗೆಯ ಮೇಲೆ ನೀಲಿ ಖಡುವಿನಿಂದ ಡ್ಯಾನ್ಯೂಬ್ ನದಿಯನ್ನು ಹರಿಸಿ, ಗಂಟೆ ಹೊಡೆದೊಡನೆ ಅದನ್ನು ಒರೆಸಿದವಳು ನಾನು. ಹೀಗಾಗಿ ನನ್ನ ಪಟ್ಟಿಯಲ್ಲಿ ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್, ವಾರ್ಸಾ ಎಂದು ನದಿದಂಡೆಯ ಊರುಗಳೇ ಕೂತವು. ಪ್ರತಿಯೊಂದರ ಮುಂದೆ ‘ಹಿಮ ಉಂಟು’ ಎಂದು ಬರೆದೆ. ಅಕ್ಕನಿಗೆ ಓದಿ ಹೇಳಿದಾಗ, “ನೀ ಓದಿದಾಕಿ, ನಿನಗ ಗೊತ್ತಿರತೈತಿ,” ಎಂದು ಒಪ್ಪಿದಳು.

ಟಿಕೇಟು, ವೀಸಾಗಳ ಕೆಲಸವನ್ನು ಶಬಾನಾಳಿಗೆ ಒಪ್ಪಿಸಿದೆ. ಹಾನಗಲ್ಲಿನಲ್ಲಿ ನನ್ನ ಕೈಯಲ್ಲಿ ಕಲಿತು ಸವಣೂರಿಗೆ ಸೊಸೆಯಾಗಿ ಹೋದ ಹುಡುಗಿ ಅವಳು. ಈಗ ಅಲ್ಲಿಯೇ ಮೆಕ್ಕಾ ಯಾತ್ರಿಗಳನ್ನು ಕಳಿಸಿಕೊಡುವ ಸಣ್ಣದೊಂದು ಕಚೇರಿ ನಡೆಸುತ್ತಾಳೆ. ನನ್ನ ಪಟ್ಟಿಯನ್ನು ನೋಡಿ, “ಎಲ್ಲಾ ಛಲೋ ಊರ ಅದಾವ ಟೀಚರ್ರ, ಥಂಡಿ ಭಾಳ ಇರತೈತಿ, ಸ್ವೆಟರ್ ದಪ್ಪನವು ತಗೋರಿ,” ಎಂದಳು. ಹೊರಡುವುದು ಜನವರಿಯ ಮೊದಲ ವಾರವೆಂದು ನಿಶ್ಚಯವಾಯಿತು.

ನವೆಂಬರಿನಲ್ಲಿ ಅಕ್ಕನನ್ನು ಇನ್ನೊಮ್ಮೆ ತೋರಿಸಿಕೊಂಡು ಹುಬ್ಬಳ್ಳಿಯಿಂದ ಮರಳುವಾಗ ಬಸ್ಸು ತಡಸದಲ್ಲಿ ಚಹಾಕ್ಕೆ ನಿಂತಿತು. ಹೊತ್ತು ಆಗಷ್ಟೇ ಮುಳುಗಿತ್ತು. ನನಗೆ ಚಹಾದಂಗಡಿ, ರಸ್ತೆಯಂಚಿನ ಗಟಾರ, ಅದರ ಮೇಲಿನ ಕಲ್ಲುಚಪ್ಪಡಿ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು. ಮುಂದೆ ಹೋಗಿ ಎರಡು ಚಹಾ ಹೇಳಿ ತಿರುಗಿ ನೋಡಿದರೆ, ಅಕ್ಕ ಬಸ್ಸಿನ ಬಾಗಿಲ ಕೆಳಗೆ ಇಳಿದಲ್ಲೇ ನಿಂತಿದ್ದಳು, ಒಂದು ಕೈ ಬಸ್ಸಿನ ತಗಡಿನ ಮೇಲೆ.

“ಯಾಕ ನಿಂತಿ? ಬಾ,” ಎಂದೆ.

“ನೀ ಎಲ್ಲಿದ್ದಿ?”

ನಡುವೆ ಹತ್ತು ಹೆಜ್ಜೆ. ಅವಳು ನನ್ನತ್ತಲೇ ನೋಡುತ್ತಿದ್ದಳು.

“ಇಲ್ಲೇ ಅದೇನಿ.”

“ಹಂಗಾರ ಮಾತಾಡಿಕೋತ ಇರು, ಬರ್ತೇನಿ.”

ಮಾತಾಡು ಎಂದರೆ ಯಾರಿಗೆ ತಾನೇ ಮಾತು ಹೊಳೆಯುತ್ತದೆ? ಬಾಯಿಗೆ ಬಂದದ್ದು ಆ ಪಟ್ಟಿಯೊಂದೇ. ‘ವಿಯೆನ್ನಾ’ ಎಂದೆ. ಅಕ್ಕ ತಗಡಿನಿಂದ ಕೈ ತೆಗೆದಳು. ‘ಬುಡಾಪೆಸ್ಟ್’ ಎಂದೆ, ಕಾಲಿನಿಂದ ನೆಲ ಸವರುತ್ತ ಮುಂದೆ ಬಂದಳು. ‘ಪ್ರಾಗ್’ ಎನ್ನುವಾಗ ಗಟಾರದ ಅಂಚಿಗೆ ಬಂದಿದ್ದಳು, ಓಡಿಹೋಗಿ ಕೈ ಹಿಡಿದೆ.

“ಯಾವಾಗಿಂದ ಹಿಂಗ?”

“ಐದಾರು ವರ್ಷ ಆತು. ಹೊತ್ತ ಮುಳಗಿದ್ರ ದೀಪ ಕಾಣ್ತಾವು, ದಾರಿ ಕಾಣೂದಿಲ್ಲ. ಅದಕ್ಕ ನಾ ಐದರ ಒಳಗ ಅಂಗಡಿ ಮುಚ್ಚತೇನಿ. ಹೇಳಿದ್ರ ನೀ ಶಿಗ್ಗಾವಿ ಬಿಡ ಅಂತಿದ್ದಿ.”

ಚಹಾ ಕುಡಿದು ಬಸ್ಸು ಹತ್ತಿದೆವು. ಪ್ರತಿ ವರ್ಷ ದೀಪದ ಮುಂದೆ ಚೆಂಡನ್ನು ವಾರೆಯಾಗಿ ಹಿಡಿದು, ಚಳಿಗಾಲದಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಮೋಟಾಗುತ್ತದೆ ಎಂದು ಮಕ್ಕಳಿಂದ ಮೂರು ಸಲ ಹೇಳಿಸುತ್ತಿದ್ದವಳು ನಾನು. ನನ್ನ ಪಟ್ಟಿಯ ಊರುಗಳಲ್ಲಿ ಜನವರಿಯಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ಕಣ್ಣು ಹೋಗುವ ಮೊದಲು ನೋಡಬೇಕೆಂದವಳನ್ನು, ಇರುವ ಹಗಲನ್ನೂ ಕಳೆದುಕೊಳ್ಳುವ ಕಡೆಗೆ ಕರೆದೊಯ್ಯಲು ನಾನು ಹೊರಟಿದ್ದೆ. ಗೊತ್ತಿರಲಿಲ್ಲ ಎನ್ನುವಂತಿಲ್ಲ, ಗೊತ್ತಿದ್ದದ್ದು ಬೇಕಾದಾಗ ಏಳಲಿಲ್ಲ. ವಿದ್ಯೆ ಎಂಬುದು ಕೆಲವೊಮ್ಮೆ ಅಟ್ಟದ ಮೇಲಿನ ಹಂಡೆಯ ಹಾಗೆ, ಇದೆಯೆಂಬ ಧೈರ್ಯದಲ್ಲೇ ಮರೆತಿರುತ್ತೇವೆ.

ಮರುದಿನ ಪಟ್ಟಿಯ ನಾಲ್ಕೂ ಊರುಗಳ ಮೇಲೆ ಗೆರೆ ಎಳೆದು, ಅಕ್ಕನನ್ನೂ ಕರೆದುಕೊಂಡು ಸವಣೂರಿಗೆ ಹೋದೆ. ಶಬಾನಾ ಹೊಸ ಊರುಗಳ ಹೆಸರು ಹೇಳತೊಡಗಿದಾಗ ಅಕ್ಕ ತಡೆದಳು.

“ನನಗ ಊರಿನ ಹೆಸರ ಬ್ಯಾಡವಾ. ಹೊತ್ತ ಯಾವಾಗ ಮುಳಗತೈತಿ ಅದನ್ನ ಹೇಳು.”

ಅಂದು ಆ ಕಚೇರಿಯಲ್ಲಿ ಯುರೋಪಿನ ನಗರಗಳೆಲ್ಲ ತಮ್ಮ ಕೀರ್ತಿ, ಕೋಟೆ, ಅರಮನೆಗಳನ್ನು ಕಳಚಿಟ್ಟು ಬರೀ ಒಂದೊಂದು ಗಳಿಗೆಯಾಗಿ ಸಾಲುಗಟ್ಟಿ ನಿಂತವು. ಶಬಾನಾ ಮೊಬೈಲು ನೋಡಿ ಓದುತ್ತಿದ್ದಳು. ಸ್ಟಾಕ್‌ಹೋಮಿನಲ್ಲಿ ಮೂರಕ್ಕೆ, ಅಕ್ಕ ನಕ್ಕಳು. ಪ್ಯಾರಿಸಿನಲ್ಲಿ ಐದು. ಅಥೆನ್ಸಿನಲ್ಲಿ ಐದೂಕಾಲು, ಆದರೆ ಅಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಬೆಳಕಿದ್ದಲ್ಲಿ ಹಿಮವಿಲ್ಲ, ಹಿಮವಿದ್ದಲ್ಲಿ ಬೆಳಕಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನು ಸೋತು ಕೂತಿದ್ದೆ. ಆಗ ಸ್ಪೇನಿನ ದಕ್ಷಿಣದ ನಕಾಶೆಯಲ್ಲಿ, ಮೂವತ್ತು ವರ್ಷ ನಾನು ಬೆರಳಿಟ್ಟು ದಾಟಿಹೋದ ಒಂದು ಬೆಟ್ಟಸಾಲು ಕಣ್ಣಿಗೆ ಬಿತ್ತು. ಸಿಯೆರಾ ನೆವಾಡಾ ಎಂದರೆ ಹಿಮದ ಪರ್ವತವೆಂದೇ ಅರ್ಥ. ಅದರ ಬುಡದಲ್ಲಿ ಗ್ರನಾಡಾ ಎಂಬ ಊರು.

“ಇಲ್ಲಿ?” ಎಂದೆ.

“ಆರು ದಾಟಿ ಹತ್ತು ನಿಮಿಷ,” ಎಂದಳು ಶಬಾನಾ.

“ನಮ್ಮ ಶಿಗ್ಗಾವಿಯಂಗ ಆತಲ್ಲ,” ಎಂದಳು ಅಕ್ಕ. ಅಲ್ಲಿಗೆ ಊರು ನಿಶ್ಚಯವಾಯಿತು.

ಎದ್ದು ಹೊರಡುವಾಗ ಅಕ್ಕ ಮೇಜಿನ ಮೇಲಿದ್ದ ಹಳೆಯ ಪಟ್ಟಿಯನ್ನು ಎತ್ತಿ ಕಣ್ಣಿನ ನೇರಕ್ಕೆ ಹಿಡಿದಳು. “ಇವನ್ನೆಲ್ಲ ಹೊಡದುಬಿಟ್ಟಿ?”

“ಅಲ್ಲೆ ನಾಕಕ್ಕ ಕತ್ತಲಿ ಅಕ್ಕಾ. ನಿನಗೇನೂ ಕಾಣೂದಿಲ್ಲ.”

“ನಿನಗ ಕಾಣ್ತೈತಲ್ಲ.” ಶಬಾನಾಳ ಕಡೆ ತಿರುಗಿದಳು. “ಇದರಾಗ ಒಂದ ಊರ ಹಾಕವಾ, ಎರಡ ದಿನಕ್ಕ. ಯಾವುದು ಅಂತ ನಿಮ್ಮ ಟೀಚರ್ ಹೇಳ್ತಾಳ.”

ಬೇಡವೆಂದೆ. ಅಕ್ಕ ಪಟ್ಟಿಯನ್ನು ನನ್ನ ಮುಂದೆ ಸರಿಸಿ ಕಾದಳು. ಕೊಡುವವರ ಗತ್ತು ಇದು. ತೆಗೆದುಕೊಳ್ಳುವುದೊಂದೇ ದಾರಿಯಾಗುವವರೆಗೆ ಕಾಯುತ್ತಾರೆ. ಋಣ ತೀರಿಸಲು ಹೊರಟವಳು ಇನ್ನಷ್ಟು ಹೊತ್ತುಕೊಂಡು “ವಿಯೆನ್ನಾ,” ಎಂದೆ.

ಗ್ರನಾಡಾದಲ್ಲಿ ನಾಲ್ಕು ದಿನ ಇದ್ದೆವು. ಬಿಸಿಲು ಸಣ್ಣಗೆ ಆದರೆ ಧಾರಾಳವಾಗಿತ್ತು. ಓಣಿಗಳಲ್ಲಿ ಅಕ್ಕನಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ, ಎದುರು ಬಂದವರ ಭುಜ ತಾಗುತ್ತಿತ್ತು. ಆದರೆ ಊರಾಚೆಯ ಬಿಳಿಯ ಬೆಟ್ಟ ಇಡಿಯಾಗಿ ಕಾಣುತ್ತಿತ್ತು. ದೂರದ್ದು ಎಷ್ಟು ದೊಡ್ಡದಾದರೂ ಕೊಳವೆಯಲ್ಲಿ ಹಿಡಿಸುತ್ತದೆ ಎಂಬುದು ನನಗೆ ಅಲ್ಲಿಯೇ ತಿಳಿದದ್ದು. ಎರಡನೆಯ ದಿನ ಬಸ್ಸಿನಲ್ಲಿ ಮೇಲೆ ಹೋದೆವು. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, ಬಗ್ಗಿ, ಬಟ್ಟೆಯ ಪೋತು, ನೇಯ್ಗೆಯ ನಯ, ನೋಡುವವರಂತೆ ಹಿಮವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದಳು.

“ಹತ್ತಿ ಅರಳಿ ಹಂಗ ಮೆತ್ತಗ ಅನ್ಕೊಂಡಿದ್ದೆ. ಉಪ್ಪಿನಂಗೈತಿ,” ಎಂದಳು. ಬೆರಳು ಮರಗಟ್ಟುವವರೆಗೆ ಅಲ್ಲಿಂದ ಏಳಲಿಲ್ಲ.

ವಿಯೆನ್ನಾದ ಮೊದಲ ದಿನ ಮೂರೂವರೆಗೇ ಕೋಣೆಗೆ ಮರಳಿದೆವು. ಎರಡನೆಯ ದಿನ ಅಕ್ಕ ನನ್ನೊಬ್ಬಳನ್ನೇ ಹೊರಗೆ ಕಳಿಸಿದಳು. ರೈಲು ಹಿಡಿದು ಹೋಗಿ ಡ್ಯಾನ್ಯೂಬ್ ನದಿಯ ದಂಡೆಗೆ ಇಳಿದೆ. ಅರ್ಧ ಗಂಟೆ ನಿಂತಿರಬೇಕು. ಕತ್ತಲಾದದ್ದು ನನಗೂ ಗೊತ್ತಾಗಲಿಲ್ಲ. ಮರಳಿ ಬಂದಾಗ ಅಕ್ಕ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಕೆಳಗಿನ ಬೀದಿದೀಪಗಳತ್ತ ಮುಖ ಮಾಡಿ ಕೂತಿದ್ದಳು.

“ಹೊಳಿ ಹೆಂಗಿತ್ತು?”

ನಾನು ಕೋಟು ಬಿಚ್ಚುತ್ತ ಆರಂಭಿಸಿದೆ. ಜರ್ಮನಿಯ ಕಪ್ಪು ಅಡವಿಯಲ್ಲಿ ಹುಟ್ಟುತ್ತದೆ, ಹತ್ತು ದೇಶಗಳನ್ನು ಮುಟ್ಟುತ್ತದೆ, ಕಪ್ಪು ಸಮುದ್ರವನ್ನು ಸೇರುತ್ತದೆ.

“ಅದು ಪುಸ್ತಕದ್ದಾತು. ನೀ ನೋಡಿದ್ದ ಹೇಳು. ನೀರಿನ ಬಣ್ಣ ಯಾವುದು?”

ಮೂವತ್ತು ವರ್ಷದ ಪಾಠದಲ್ಲಿ ಯಾರೂ ಕೇಳದ ಪ್ರಶ್ನೆ. ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಎದುರಿಗೆ, ಅವಳ ನೋಟಕ್ಕೆ ಸಿಗುವ ಹಾಗೆ, ಸರಿದು ಕೂತೆ.

“ಹಸರೂ ಅಲ್ಲ, ಬೂದೀನೂ ಅಲ್ಲ. ಹಸರ ಕುಪ್ಪಸಕ್ಕ ಒಳಗ ಲೈನಿಂಗ್ ಹಚ್ಚತಿಯಲ್ಲ, ಅದು ತೊಳದು ತೊಳದು ಬಣ್ಣ ಹೋದ ಮ್ಯಾಲೆ ಹೆಂಗ ಕಾಣ್ತೈತಿ, ಹಂಗ.”

ಅಕ್ಕ ಕಣ್ಣು ಮುಚ್ಚಿಕೊಂಡಳು.

“ಕಂಡಿತು,” ಎಂದಳು ಆಮೇಲೆ. “ಮುಂದ ಹೇಳು.”